ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಲಭ್ಯವಿಲ್ಲದ ವಿದ್ಯುತ್ ಆಯ್ಕೆಗಳು

ಲಭ್ಯವಿಲ್ಲದ ವಿದ್ಯುತ್ ಆಯ್ಕೆಗಳು ಎಂಬುದು ಲ್ಯಾಪ್‌ಟಾಪ್ ಗಣಕಗಳಲ್ಲಿ, ಅದರಲ್ಲೂ ಹೊಸ ಕಾರ್ಯಾಚರಣ ವ್ಯವಸ್ಥೆಯನ್ನು ಸ್ಥಾಪಿಸಿಕೊಂಡ ಹಳೆಯ ಯಂತ್ರಗಳಲ್ಲಿ, ಸಾಮಾನ್ಯವಾಗಿ ಕಾಣಿಸಿಕೊಳ್ಳುವ ಒಂದು ತೊಂದರೆ. ಸ್ಲೀಪ್, ಹೈಬರ್ನೇಟ್, ಪರದೆಯ ಪ್ರಕಾಶದ ನಿಯಂತ್ರಣ, ಬ್ಯಾಟರಿಗೆ ಸಂಬಂಧಿಸಿದ ಆಯ್ಕೆಗಳು ಮೊದಲಾದವು ಮೆನುವಿನಿಂದ ಕಾಣೆಯಾಗುತ್ತವೆ. ಇಲ್ಲವೇ ಬೂದುಬಣ್ಣಕ್ಕೆ ತಿರುಗಿ ಬದಲಾಯಿಸಲು ಬಾರದಂತಾಗುತ್ತವೆ. ಯಂತ್ರ ಕೆಟ್ಟಿದೆ ಎಂದು ಇದರಿಂದ ಭಾವಿಸುವುದುಂಟು. ವಾಸ್ತವದಲ್ಲಿ ಬಹುತೇಕ ಸಂದರ್ಭಗಳಲ್ಲಿ ಯಂತ್ರಾಂಶವು ಸರಿಯಾಗಿಯೇ ಇದ್ದು, ಅದಕ್ಕೂ ಬಳಕೆದಾರನಿಗೂ ನಡುವೆ ಇರುವ ತಂತ್ರಾಂಶದ ಹಲವು ಪದರಗಳಲ್ಲಿ ಯಾವುದೋ ಒಂದು ಆ ಆಯ್ಕೆಯನ್ನು ತಡೆಹಿಡಿದಿರುತ್ತದೆ. ತಡೆಹಿಡಿದ ಪದರ ಯಾವುದೆಂದು ತಿಳಿಯದೆ ಮಾಡುವ ರಿಪೇರಿಯು ಸಾಮಾನ್ಯವಾಗಿ ಫಲ ನೀಡುವುದಿಲ್ಲ.

ಹಿನ್ನೆಲೆ

ಲ್ಯಾಪ್‌ಟಾಪ್‌ಗಳ ವಿದ್ಯುತ್ ನಿರ್ವಹಣೆಗೆ 1992ರಲ್ಲಿ ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು ಎಪಿಎಂ ಎಂಬ ವಿಧಾನವನ್ನು ರೂಪಿಸಿದವು. ಇದರಲ್ಲಿ ಯಂತ್ರವನ್ನು ಯಾವಾಗ ಮಲಗಿಸಬೇಕೆಂಬ ನಿರ್ಧಾರವು ಹೆಚ್ಚಿನ ಮಟ್ಟಿಗೆ ಬಯೋಸ್‌ನ ಕೈಯಲ್ಲಿತ್ತು. 1996ರ ಡಿಸೆಂಬರ್‌ನಲ್ಲಿ ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಸೇರಿ ಪ್ರಕಟಿಸಿದ ಎಸಿಪಿಐ ನಿರ್ದಿಷ್ಟ ವಿವರಣೆಯು ಈ ಅಧಿಕಾರವನ್ನು ಕಾರ್ಯಾಚರಣ ವ್ಯವಸ್ಥೆಗೆ ವರ್ಗಾಯಿಸಿತು. ಅಂದಿನಿಂದ ಬಯೋಸ್‌ನ ಕೆಲಸವು, ಯಂತ್ರಕ್ಕೆ ಏನೇನು ಸಾಧ್ಯ ಎಂಬುದನ್ನು ಕೋಷ್ಟಕಗಳ ರೂಪದಲ್ಲಿ ತಿಳಿಸುವುದು ಮತ್ತು ಕೇಳಿದಾಗ ಅದನ್ನು ನಡೆಸಿಕೊಡುವುದು. ಯಾವಾಗ ನಡೆಸಬೇಕೆಂದು ಹೇಳುವುದು ವಿಂಡೋಸ್ ಅಥವಾ ಲಿನಕ್ಸ್‌ನ ಕೆಲಸವಾಯಿತು. 2013ರಿಂದ ಈ ವಿವರಣೆಯನ್ನು ಯುಇಎಫ್‌ಐ ಫೋರಂ ನಿರ್ವಹಿಸುತ್ತಿದೆ.

ಎಸಿಪಿಐ ಯಂತ್ರದ ಸ್ಥಿತಿಗಳನ್ನು ಎಸ್0 ಇಂದ ಎಸ್5ರವರೆಗೆ ಗುರುತಿಸುತ್ತದೆ. ಎಸ್0 ಎಂದರೆ ಯಂತ್ರವು ಎಚ್ಚರವಾಗಿರುವ ಸ್ಥಿತಿ, ಎಸ್5 ಎಂದರೆ ಆರಿಸಿದ ಸ್ಥಿತಿ. ಹಳೆಯ ಲ್ಯಾಪ್‌ಟಾಪ್‌ಗಳ ಮಟ್ಟಿಗೆ ಮುಖ್ಯವಾದವು ನಡುವಿನ ಎರಡು. ಎಸ್3ರಲ್ಲಿ ನೆನಪಿನಕೋಶ, ಅಂದರೆ ರ‍್ಯಾಮ್, ಬಿಟ್ಟು ಉಳಿದ ಬಹುತೇಕ ಭಾಗಗಳಿಗೆ ವಿದ್ಯುತ್ ನಿಲ್ಲುತ್ತದೆ. ಮೆನುವಿನಲ್ಲಿ ಸ್ಲೀಪ್ ಎಂದು ಕಾಣುವುದು ಇದೇ. ಎಸ್4ರಲ್ಲಿ ರ‍್ಯಾಮ್‌ನಲ್ಲಿರುವುದನ್ನೆಲ್ಲ ಡಿಸ್ಕ್‌ಗೆ ಬರೆದು ಯಂತ್ರವು ಪೂರ್ತಿ ಆರುತ್ತದೆ, ಇದು ಹೈಬರ್ನೇಟ್. ಮೊದಲನೆಯದು ಬೇಗ ಏಳುತ್ತದೆ, ಆದರೆ ಅಲ್ಪಸ್ವಲ್ಪ ವಿದ್ಯುತ್ತನ್ನು ಬಳಸುತ್ತಲೇ ಇರುತ್ತದೆ. ಎರಡನೆಯದು ನಿಧಾನ, ಆದರೆ ಬ್ಯಾಟರಿಯನ್ನೇ ಕಳಚಿದರೂ ಕೆಲಸ ಉಳಿದಿರುತ್ತದೆ.

ಈ ವ್ಯತ್ಯಾಸವು ಹಳೆಯ ಯಂತ್ರಗಳಲ್ಲಿ ಕೇವಲ ಅನುಕೂಲದ ಪ್ರಶ್ನೆಯಲ್ಲ. ಸವೆದ ಬ್ಯಾಟರಿಯುಳ್ಳ ಲ್ಯಾಪ್‌ಟಾಪ್ ಸ್ಲೀಪ್ ಸ್ಥಿತಿಯಲ್ಲಿರುವಾಗಲೇ ಬ್ಯಾಟರಿ ಬರಿದಾದರೆ ರ‍್ಯಾಮ್‌ನಲ್ಲಿದ್ದುದೆಲ್ಲ ಅಳಿದುಹೋಗುತ್ತದೆ. ಇದನ್ನು ತಪ್ಪಿಸಲೆಂದೇ ವಿಂಡೋಸ್‌ನಲ್ಲಿ ಬ್ಯಾಟರಿಯು ಅಪಾಯದ ಮಟ್ಟಕ್ಕೆ ಇಳಿದೊಡನೆ ಹೈಬರ್ನೇಟ್ ಆಗುವ ಏರ್ಪಾಡಿದೆ. ಹೈಬರ್ನೇಟ್ ಲಭ್ಯವಿಲ್ಲದ ಯಂತ್ರದಲ್ಲಿ ಈ ರಕ್ಷಣೆಯೂ ಇರುವುದಿಲ್ಲ; ಉಳಿಸದ ಕಡತವನ್ನು ಕಳೆದುಕೊಂಡ ಮೇಲೆಯೇ ಅನೇಕರಿಗೆ ಇದು ತಿಳಿಯುತ್ತದೆ.

ತಡೆಯ ಮೂಲವನ್ನು ಗುರುತಿಸುವುದು

ಒಂದು ಆಯ್ಕೆ ಮೆನುವಿನಲ್ಲಿ ಕಾಣಿಸಿಕೊಳ್ಳಬೇಕಾದರೆ ನಾಲ್ಕು ಕಡೆಯಿಂದ ಒಪ್ಪಿಗೆ ದೊರೆಯಬೇಕು. ಬಯೋಸ್ ಆ ಸ್ಥಿತಿಯನ್ನು ಘೋಷಿಸಿರಬೇಕು. ಯಂತ್ರದ ಮುಖ್ಯ ಡ್ರೈವರ್‌ಗಳು, ಅಂದರೆ ಯಂತ್ರಾಂಶವನ್ನು ನಡೆಸುವ ತಂತ್ರಾಂಶಗಳು, ಅದಕ್ಕೆ ಹೊಂದಿಕೊಳ್ಳಬೇಕು. ಕಾರ್ಯಾಚರಣ ವ್ಯವಸ್ಥೆಯಲ್ಲಿ ಅದು ಸಕ್ರಿಯವಾಗಿರಬೇಕು. ಕೊನೆಯಲ್ಲಿ ಬಳಕೆದಾರನಿಗೆ ಅದನ್ನು ಬಳಸಲು ಅನುಮತಿ ಇರಬೇಕು.

ವಿಂಡೋಸ್ ವಿಸ್ತಾ ಮತ್ತು ಅನಂತರದ ಆವೃತ್ತಿಗಳಲ್ಲಿ ಯಾರು ಒಪ್ಪಿಲ್ಲವೆಂಬುದನ್ನು ಊಹಿಸಬೇಕಾಗಿಲ್ಲ. ಕಮ್ಯಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ ಎಂಬ ಆದೇಶವನ್ನು ಟೈಪಿಸಿ, ಒಂದು ಸ್ಥಳ ಬಿಟ್ಟು, ಓರೆಗೆರೆ ಮತ್ತು 'ಎ' ಅಕ್ಷರವನ್ನು ಸೇರಿಸಿದರೆ ಎರಡು ಪಟ್ಟಿಗಳು ಬರುತ್ತವೆ: ಲಭ್ಯವಿರುವ ಸ್ಥಿತಿಗಳು ಮತ್ತು ಲಭ್ಯವಿಲ್ಲದವು. ಎರಡನೆಯ ಪಟ್ಟಿಯ ಪ್ರತಿಯೊಂದು ಸ್ಥಿತಿಯ ಕೆಳಗೂ ಕಾರಣವನ್ನು ಬರೆದಿರುತ್ತದೆ. ವಿಂಡೋಸ್‌ನ ಮೆನುಗಳನ್ನು ಕನ್ನಡದಲ್ಲಿ ಬಳಸುವವರಿಗೆ ಆಯ್ಕೆಗಳ ಹೆಸರು ಬೇರೆಯಾಗಿ ಕಂಡರೂ ಈ ಆದೇಶವು ಎಲ್ಲ ಭಾಷೆಗಳಲ್ಲೂ ಒಂದೇ.

ಉತ್ತರದ ಮಾತುಗಳನ್ನು ಗಮನವಿಟ್ಟು ಓದಬೇಕಾಗುತ್ತದೆ. ಯಂತ್ರದ ಫರ್ಮ್‌ವೇರ್ ಈ ಸ್ಥಿತಿಯನ್ನು ಬೆಂಬಲಿಸುವುದಿಲ್ಲ ಎಂದಿದ್ದರೆ ತಡೆಯು ಬಯೋಸ್‌ನದು. ಎಸ್1 ಮತ್ತು ಎಸ್2ರ ಕೆಳಗೆ ಈ ಮಾತು ಬರುವುದು ತೀರ ಸಹಜ. ಅವುಗಳನ್ನು ಬಹುಪಾಲು ಲ್ಯಾಪ್‌ಟಾಪ್‌ಗಳು ಬಳಸುವುದೇ ಇಲ್ಲವಾದ್ದರಿಂದ ಅದಕ್ಕಾಗಿ ಚಿಂತಿಸಬೇಕಾಗಿಲ್ಲ. ವ್ಯವಸ್ಥೆಯ ಆಂತರಿಕ ಘಟಕವೊಂದು ಇದನ್ನು ನಿಷ್ಕ್ರಿಯಗೊಳಿಸಿದೆ ಎಂದಿದ್ದರೆ ಡ್ರೈವರ್‌ನತ್ತ ನೋಡಬೇಕು. ಹೈಬರ್ನೇಟ್ ಅನ್ನು ಸಕ್ರಿಯಗೊಳಿಸಿಲ್ಲ ಎಂದಿದ್ದರೆ ಅದೊಂದು ಸ್ವಿಚ್ ಒತ್ತುವಷ್ಟೇ ಸುಲಭದ ಕೆಲಸ. ಎಸ್3 ಲಭ್ಯವಿದೆ ಎಂದು ಆದೇಶವು ಹೇಳುತ್ತಿದ್ದರೂ ಮೆನುವಿನಲ್ಲಿ ಸ್ಲೀಪ್ ಕಾಣದಿದ್ದರೆ, ಮೊದಲ ಮೂರು ಪದರಗಳು ಸರಿಯಾಗಿವೆ ಎಂದೂ ತಡೆಯು ಮೆನುವಿನ ಹೊಂದಾಣಿಕೆಯಲ್ಲಿ ಅಥವಾ ಅನುಮತಿಯಲ್ಲಿ ಇದೆ ಎಂದೂ ತಿಳಿಯಬಹುದು.

ಗ್ರಾಫಿಕ್ಸ್ ಡ್ರೈವರ್

ಹಳೆಯ ಯಂತ್ರಕ್ಕೆ ವಿಂಡೋಸ್ ಅನ್ನು ಹೊಸದಾಗಿ ಹಾಕಿದ ಮೇಲೆ ಸ್ಲೀಪ್ ಕಾಣೆಯಾಗಿದ್ದರೆ ಮೊದಲು ಸಂದೇಹಿಸಬೇಕಾದದ್ದು ಗ್ರಾಫಿಕ್ಸ್ ಡ್ರೈವರನ್ನು. ತಕ್ಕ ಡ್ರೈವರ್ ಸಿಗದಿದ್ದಾಗ ವಿಂಡೋಸ್ ಯಾವುದೇ ಯಂತ್ರದಲ್ಲೂ ಚಿತ್ರ ಮೂಡಿಸಬಲ್ಲ ಒಂದು ಸಾಮಾನ್ಯ ಡ್ರೈವರನ್ನು ಬಳಸುತ್ತದೆ. ವಿಂಡೋಸ್ 7ರಲ್ಲಿ ಇದರ ಹೆಸರು ಸ್ಟ್ಯಾಂಡರ್ಡ್ ವಿಜಿಎ ಗ್ರಾಫಿಕ್ಸ್ ಅಡಾಪ್ಟರ್; ವಿಂಡೋಸ್ 8 ಮತ್ತು ಅನಂತರದಲ್ಲಿ ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್. ಮಲಗಿ ಎದ್ದ ಗ್ರಾಫಿಕ್ಸ್ ಚಿಪ್ ಅನ್ನು ಮತ್ತೆ ಮೊದಲಿನ ಸ್ಥಿತಿಗೆ ತರುವ ಬಗೆ ಈ ಡ್ರೈವರ್‌ಗೆ ತಿಳಿಯದು. ಯಂತ್ರವು ಕಪ್ಪು ಪರದೆಯೊಂದಿಗೆ ಏಳುವುದಕ್ಕಿಂತ ಮಲಗದಿರುವುದೇ ಮೇಲೆಂದು ವಿಂಡೋಸ್ ಸ್ಲೀಪ್ ಅನ್ನೇ ತೆಗೆದುಹಾಕುತ್ತದೆ. ಕೆಲವೊಮ್ಮೆ ಹೈಬರ್ನೇಟ್ ಕೂಡ ಇದರೊಂದಿಗೆ ಹೋಗುತ್ತದೆ. ಪರದೆಯ ಪ್ರಕಾಶವನ್ನು ಹೆಚ್ಚುಕಡಿಮೆ ಮಾಡುವ ಪಟ್ಟಿಯೂ ಅದೇ ಹೊತ್ತಿಗೆ ಮಾಯವಾಗಿದ್ದರೆ ಕಾರಣ ಇದೇ ಎಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್ಸ್ ಎಂಬಲ್ಲಿ ಚಿಪ್‌ನ ತಯಾರಕರ ಹೆಸರಿನ ಬದಲು ಮೇಲಿನ ಎರಡು ಹೆಸರುಗಳಲ್ಲಿ ಒಂದು ಇರುತ್ತದೆ.

ಲ್ಯಾಪ್‌ಟಾಪ್ ತಯಾರಕರು ಆ ಮಾದರಿಗೆಂದೇ ಒದಗಿಸಿದ ಡ್ರೈವರನ್ನು ಸ್ಥಾಪಿಸುವುದು ಇದಕ್ಕೆ ಪರಿಹಾರ. ಅದು ದೊರೆಯದಿದ್ದರೆ ಗ್ರಾಫಿಕ್ಸ್ ಚಿಪ್ ತಯಾರಕರ ಡ್ರೈವರನ್ನು ಪ್ರಯತ್ನಿಸಬಹುದು. ಚಿಪ್‌ಸೆಟ್ ಡ್ರೈವರನ್ನು ಮೊದಲು, ಗ್ರಾಫಿಕ್ಸ್ ಡ್ರೈವರನ್ನು ಅನಂತರ ಸ್ಥಾಪಿಸುವುದು ರೂಢಿಯ ಕ್ರಮ.

ಕೆಲವು ಯಂತ್ರಗಳಿಗೆ ಈ ದಾರಿಯೂ ಇರುವುದಿಲ್ಲ. ಇಂಟೆಲ್‌ನ 915ಜಿಎಂ ಚಿಪ್‌ಸೆಟ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಅದರಲ್ಲಿರುವ ಜಿಎಂಎ 900 ಗ್ರಾಫಿಕ್ಸ್‌ಗೆ ವಿಸ್ತಾದೊಂದಿಗೆ ಬಂದ ಡಬ್ಲ್ಯೂಡಿಡಿಎಂ ಮಾದರಿಯ ಡ್ರೈವರ್ ಬರಲೇ ಇಲ್ಲ. ವಿಂಡೋಸ್ 7ರವರೆಗೆ ಎಕ್ಸ್‌ಪಿ ಕಾಲದ ಡ್ರೈವರ್ ಮಾದರಿಗೂ ಅವಕಾಶವಿದ್ದುದರಿಂದ ಹೇಗೋ ನಡೆಯುತ್ತಿತ್ತು. ವಿಂಡೋಸ್ 8ರಲ್ಲಿ ಅದನ್ನು ಕೈಬಿಡಲಾಯಿತು. ಅಂಥ ಯಂತ್ರದಲ್ಲಿ ವಿಂಡೋಸ್ 10 ಸ್ಥಾಪಿಸಲು ಸಾಧ್ಯವಾದರೂ ಸ್ಲೀಪ್ ಮರಳುವುದಿಲ್ಲ, ಮತ್ತು ರಿಜಿಸ್ಟ್ರಿಯಲ್ಲಿ ಮಾಡುವ ಯಾವ ಬದಲಾವಣೆಯೂ ಇಲ್ಲದ ಡ್ರೈವರನ್ನು ಸೃಷ್ಟಿಸಲಾರದು. ಉಳಿಯುವ ದಾರಿ ಎರಡು: ಭದ್ರತಾ ಪರಿಷ್ಕರಣೆಗಳು ನಿಂತುಹೋದ ಹಳೆಯ ವಿಂಡೋಸ್‌ಗೆ ಮರಳುವುದು, ಅಥವಾ ಲಿನಕ್ಸ್ ಬಳಸುವುದು. ಅಂತರ್ಜಾಲಕ್ಕೆ ಜೋಡಿಸುವ ಯಂತ್ರಕ್ಕೆ ಎರಡನೆಯದೇ ಲೇಸು. ಲಿನಕ್ಸ್‌ನಲ್ಲಿ ಇಂಟೆಲ್ ಗ್ರಾಫಿಕ್ಸ್‌ನ ಡ್ರೈವರ್‌ಗೆ ಐ915 ಎಂಬ ಹೆಸರೇ ಈ ಚಿಪ್‌ಸೆಟ್‌ನಿಂದ ಬಂದಿದೆ.

ಹೈಬರ್ನೇಟ್ ಕಾಣೆಯಾಗುವುದು

ಹೈಬರ್ನೇಟ್ ನಡೆಯಲು ಡಿಸ್ಕ್‌ನಲ್ಲಿ ಹೈಬರ್‌ಫಿಲ್ ಎಂಬ ಗುಪ್ತ ಕಡತವಿರಬೇಕು. ಇದರ ಗಾತ್ರವು ವಿಂಡೋಸ್ 7ರಲ್ಲಿ ಸಾಮಾನ್ಯವಾಗಿ ರ‍್ಯಾಮ್‌ನ ಶೇ. 75ರಷ್ಟಿರುತ್ತದೆ. ಡಿಸ್ಕ್‌ನಲ್ಲಿ ಜಾಗ ಸಾಲದಿದ್ದಾಗ ಇದನ್ನು ತೆಗೆದುಹಾಕುವ ಸಲಹೆ ಎಲ್ಲೆಡೆ ಸಿಗುತ್ತದೆ. ವಿಸ್ತಾದ ಡಿಸ್ಕ್ ಕ್ಲೀನಪ್ ಸಾಧನವಂತೂ ಹೈಬರ್ನೇಷನ್ ಕಡತವನ್ನು ಅಳಿಸಬಹುದಾದ ಕಸದ ಪಟ್ಟಿಯಲ್ಲೇ ತೋರಿಸುತ್ತಿತ್ತು; ಅದನ್ನು ಒಪ್ಪಿದವರ ಯಂತ್ರದಲ್ಲಿ ಹೈಬರ್ನೇಟ್ ನಿಂತುಹೋಗುತ್ತಿತ್ತು. ನಿರ್ವಾಹಕ ಅಧಿಕಾರದಿಂದ ತೆರೆದ ಕಮ್ಯಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ ಆದೇಶದ ಮುಂದೆ ಓರೆಗೆರೆ, ಹೈಬರ್ನೇಟ್ ಮತ್ತು ಆನ್ ಎಂಬ ಪದಗಳನ್ನು ಸೇರಿಸಿದರೆ ಕಡತವು ಮತ್ತೆ ಸೃಷ್ಟಿಯಾಗುತ್ತದೆ. ಸಾಕಷ್ಟು ಜಾಗವಿಲ್ಲದಿದ್ದರೆ ಆದೇಶವು ವಿಫಲವಾಗುತ್ತದೆ.

ಹೈಬರ್ನೇಟ್ ಸಕ್ರಿಯವಾಗಿದ್ದೂ ಮೆನುವಿನಲ್ಲಿ ಕಾಣದಿರುವುದಕ್ಕೆ ಬೇರೆ ಕಾರಣಗಳಿವೆ. ವಿಂಡೋಸ್ 7ರಲ್ಲಿ ಹೈಬ್ರಿಡ್ ಸ್ಲೀಪ್ ಎಂಬ ಮಿಶ್ರ ವಿಧಾನವು ಚಾಲನೆಯಲ್ಲಿದ್ದರೆ ಹೈಬರ್ನೇಟ್ ಮೆನುವಿನಿಂದ ಮರೆಯಾಗುತ್ತದೆ. ವಿಂಡೋಸ್ 8ರ ನಂತರ ಅದನ್ನು ಮೆನುವಿನಲ್ಲಿ ಮೊದಲಿನಿಂದಲೇ ತೋರಿಸುವುದಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಪವರ್ ಗುಂಡಿಗಳ ಕೆಲಸವನ್ನು ನಿಗದಿಪಡಿಸುವ ಪುಟಕ್ಕೆ ಹೋಗಿ ಗುರುತು ಹಾಕಬೇಕು.

ಬೂದುಬಣ್ಣದ ಆಯ್ಕೆಗಳು ಮತ್ತು ಅನುಮತಿ

ಆ ಪುಟವನ್ನು ತೆರೆದಾಗ ಕೆಳಭಾಗದ ಆಯ್ಕೆಗಳೆಲ್ಲ ಬೂದುಬಣ್ಣದಲ್ಲಿ ಕಾಣುತ್ತವೆ. ಇದು ದೋಷವಲ್ಲ. ಅವು ಯಂತ್ರದ ಎಲ್ಲ ಬಳಕೆದಾರರಿಗೂ ಅನ್ವಯಿಸುವ ಆಯ್ಕೆಗಳಾದ್ದರಿಂದ ನಿರ್ವಾಹಕರ ಒಪ್ಪಿಗೆಯಿಲ್ಲದೆ ತೆರೆದುಕೊಳ್ಳುವುದಿಲ್ಲ. ಪುಟದ ಮೇಲ್ಭಾಗದಲ್ಲಿ, ಸದ್ಯಕ್ಕೆ ಲಭ್ಯವಿಲ್ಲದ ಆಯ್ಕೆಗಳನ್ನು ಬದಲಾಯಿಸಿ ಎಂಬ ಅರ್ಥದ ಒಂದು ಕೊಂಡಿ ಇರುತ್ತದೆ. ಅದನ್ನು ಒತ್ತಿದರೆ ಅವು ತೆರೆದುಕೊಳ್ಳುತ್ತವೆ. ಲಭ್ಯವಿಲ್ಲ ಎಂಬ ಒಂದೇ ಮಾತನ್ನು ಯಂತ್ರಕ್ಕೆ ಅಸಾಧ್ಯವಾದುದಕ್ಕೂ ಅನುಮತಿ ಕೇಳಬೇಕಾದುದಕ್ಕೂ ಬಳಸಿರುವುದರಿಂದ ಇಲ್ಲಿ ಬಹಳಷ್ಟು ಗೊಂದಲ ಉಂಟಾಗಿದೆ.

ಸದ್ಯಕ್ಕೆ ಯಾವುದೇ ವಿದ್ಯುತ್ ಆಯ್ಕೆಗಳು ಲಭ್ಯವಿಲ್ಲ ಎಂಬ ಸಂದೇಶ ಬಂದು ಆರಿಸುವ, ಮರುಪ್ರಾರಂಭಿಸುವ ಆಯ್ಕೆಗಳೂ ಕಾಣೆಯಾಗಿದ್ದರೆ ಗ್ರೂಪ್ ಪಾಲಿಸಿಯನ್ನು ಪರಿಶೀಲಿಸಬೇಕು. ಕಚೇರಿ, ಕಾಲೇಜುಗಳ ಯಂತ್ರಗಳಲ್ಲಿ ಬಳಕೆದಾರರು ಯಂತ್ರವನ್ನು ಆರಿಸದಂತೆ ಇಂಥ ನಿರ್ಬಂಧವನ್ನು ಹಾಕಿರುತ್ತಾರೆ. ಅವು ಅನಂತರ ಹಳೆಯ ವಿಂಡೋಸ್‌ನೊಂದಿಗೇ ಮಾರಾಟವಾದಾಗ ನಿರ್ಬಂಧವೂ ಜೊತೆಯಲ್ಲೇ ಬರುತ್ತದೆ. ಅಂಥ ಯಂತ್ರಕ್ಕೆ ಕಾರ್ಯಾಚರಣ ವ್ಯವಸ್ಥೆಯನ್ನು ಹೊಸದಾಗಿ ಸ್ಥಾಪಿಸುವುದು ನಿರ್ಬಂಧಗಳನ್ನು ಒಂದೊಂದಾಗಿ ಹುಡುಕಿ ತೆಗೆಯುವುದಕ್ಕಿಂತ ಉತ್ತಮ.

ಬಯೋಸ್ ಮತ್ತು ಬ್ಯಾಟರಿ

ಕೆಲವು ಯಂತ್ರಗಳ ಬಯೋಸ್‌ನಲ್ಲಿಯೇ ಸ್ಲೀಪ್‌ಗೆ ಅಥವಾ ಇಂಟೆಲ್ ಸ್ಪೀಡ್‌ಸ್ಟೆಪ್‌ನಂಥ ಸಂಸ್ಕಾರಕದ ವೇಗನಿಯಂತ್ರಣಕ್ಕೆ ಸ್ವಿಚ್ ಇರುತ್ತದೆ. ಬಯೋಸ್ ಹೊಂದಾಣಿಕೆಗಳನ್ನು ಕಾಯುವ ಗುಂಡಿಯಾಕಾರದ ಸಣ್ಣ ಬ್ಯಾಟರಿ ಸವೆದಿದ್ದರೆ ಗಡಿಯಾರ ಹಿಂದಕ್ಕೆ ಹೋಗುವುದರ ಜೊತೆಗೆ ಈ ಹೊಂದಾಣಿಕೆಗಳೂ ಮೂಲಸ್ಥಿತಿಗೆ ಮರಳಬಹುದು. ಬಯೋಸ್ ಪರಿಷ್ಕರಣೆಯಿಂದ ಎಸಿಪಿಐ ಕೋಷ್ಟಕಗಳ ದೋಷಗಳು ಸರಿಹೋದ ನಿದರ್ಶನಗಳಿವೆ. ಆದರೆ ಪರಿಷ್ಕರಣೆಯ ನಡುವೆ ವಿದ್ಯುತ್ ಹೋದರೆ ಯಂತ್ರವು ಮತ್ತೆ ಏಳದಿರಬಹುದು. ಬ್ಯಾಟರಿ ಹಿಡಿದು ನಿಲ್ಲದ ಲ್ಯಾಪ್‌ಟಾಪ್‌ನಲ್ಲಿ ಈ ಅಪಾಯ ಹೆಚ್ಚು. ಆದ್ದರಿಂದ ಇದನ್ನು ಕೊನೆಯ ಪ್ರಯತ್ನವಾಗಿ ಉಳಿಸಿಕೊಳ್ಳುವುದು ವಿವೇಕ.

ಬ್ಯಾಟರಿಯನ್ನು ವಿಂಡೋಸ್ ಗುರುತಿಸದಿದ್ದರೆ, ಬ್ಯಾಟರಿಯ ಮೇಲೆ ನಡೆಯುವಾಗ ಎಂಬ ಅಂಕಣವೇ ಪವರ್ ಆಪ್ಷನ್ಸ್‌ನಿಂದ ಕಾಣೆಯಾಗುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಬ್ಯಾಟರೀಸ್ ವಿಭಾಗದ ಎಸಿಪಿಐ ಬ್ಯಾಟರಿಯ ನಮೂದನ್ನು ತೆಗೆದು ಯಂತ್ರವನ್ನು ಮರುಪ್ರಾರಂಭಿಸಿದರೆ ವಿಂಡೋಸ್ ಅದನ್ನು ಹೊಸದಾಗಿ ಹುಡುಕುತ್ತದೆ. ಆಗಲೂ ಸಿಗದಿದ್ದರೆ ದೋಷವು ಬ್ಯಾಟರಿಯಲ್ಲಿ ಅಥವಾ ಅದರ ಸಂಪರ್ಕದಲ್ಲಿ ಇರುವ ಸಾಧ್ಯತೆ ಹೆಚ್ಚು. ಸವೆದ ಬ್ಯಾಟರಿಯು ತೋರಿಸುವ ಶೇಕಡಾವಾರು ಅಂಕಿಯನ್ನು ಪೂರ್ತಿ ನಂಬಲಾಗದು. ಅದು ಕ್ರಮವಾಗಿ ಇಳಿಯದೆ ಒಮ್ಮೆಗೇ ಸೊನ್ನೆಗೆ ಬೀಳುವುದುಂಟು. ಅಪಾಯದ ಮಟ್ಟವನ್ನು ಶೇ. 5ರಲ್ಲೇ ಬಿಡದೆ ಏರಿಸಿಟ್ಟರೆ ಹೈಬರ್ನೇಟ್ ಮುಗಿಯುವಷ್ಟು ಕಾಲಾವಕಾಶ ಉಳಿಯುತ್ತದೆ.

ಲಿನಕ್ಸ್‌ನಲ್ಲಿ

ಲಿನಕ್ಸ್ ಕರ್ನಲ್ ತಾನು ಬಲ್ಲ ಸ್ಥಿತಿಗಳನ್ನು ಸಿಸ್ ಕಡತಕೋಶದ ಒಳಗಿನ ಪವರ್ ಎಂಬಲ್ಲಿ, ಸ್ಟೇಟ್ ಎಂಬ ಕಡತದಲ್ಲಿ ತೋರಿಸುತ್ತದೆ. ಅದರಲ್ಲಿ ಡಿಸ್ಕ್ ಎಂಬ ಪದವಿಲ್ಲದಿದ್ದರೆ ಹೈಬರ್ನೇಟ್ ಇಲ್ಲ. ಪಕ್ಕದ ಮೆಮ್‌ಸ್ಲೀಪ್ ಕಡತದಲ್ಲಿ ಡೀಪ್ ಎಂದಿದ್ದರೆ ಅದು ಎಸ್3. ಹೈಬರ್ನೇಟ್‌ಗೆ ಸಾಕಷ್ಟು ದೊಡ್ಡ ಸ್ವಾಪ್ ಜಾಗವೂ ಬೇಕು. ಕರ್ನಲ್ ಬಲ್ಲುದನ್ನೆಲ್ಲ ವಿತರಣೆಗಳು ಮೆನುವಿನಲ್ಲಿ ತೋರಿಸುವುದಿಲ್ಲ. ಉಬುಂಟು 12.04ರಲ್ಲಿ ಹೈಬರ್ನೇಟ್ ಅನ್ನು ಪೂರ್ವನಿಯೋಜಿತವಾಗಿ ನಿಷ್ಕ್ರಿಯಗೊಳಿಸಲಾಯಿತು. ಹಲವು ಯಂತ್ರಗಳಲ್ಲಿ ಅದು ವಿಶ್ವಾಸಾರ್ಹವಾಗಿ ಕೆಲಸ ಮಾಡುತ್ತಿರಲಿಲ್ಲ. ಹೀಗಾಗಿ ಅದನ್ನು ಮರಳಿ ತಂದವರು ತೆರೆದ ಕಡತಗಳನ್ನೆಲ್ಲ ಉಳಿಸಿಟ್ಟು, ಯಂತ್ರವನ್ನು ಒಂದೆರಡು ಬಾರಿ ಮಲಗಿಸಿ ಎಬ್ಬಿಸಿ ನೋಡಿದ ಮೇಲೆಯೇ ಅದರ ಮೇಲೆ ಭರವಸೆಯಿಡುವುದು ಒಳಿತು.