ಐಸ್ ನೀರು ಪುಕ್ಕಟೆ, ಇನ್ನು 200 ಮೈಲಿ

ಗಿರಾಕಿ ಇಲ್ಲದ ಮಧ್ಯಾಹ್ನ ಮೆಡಿಕಲ್ ಶಾಪಿನಲ್ಲಿ ಒಬ್ಬನೇ ಕೂತು ರಸ್ತೆ ನೋಡುವ ಕಷ್ಟ ನನಗೆ ಗೊತ್ತು. ತಿಪಟೂರಿನ ಬಿ.ಎಚ್. ರೋಡಿನಲ್ಲಿ ಬಸ್ಸು, ಲಾರಿ ಓಡುತ್ತಲೇ ಇರುತ್ತವೆ. ಒಂದೂ ನಮಗಾಗಿ ನಿಲ್ಲುವುದಿಲ್ಲ. ಹಾಗಾಗಿ ಅಮೆರಿಕದ ಸೌತ್ ಡಕೋಟಾದಲ್ಲಿ ಕಾರು ಓಡಿಸುತ್ತಾ ಮಗ 'ವಾಲ್ ಡ್ರಗ್' ಎಂಬ ಔಷಧಿ ಅಂಗಡಿಯ ಕಥೆ ಹೇಳಿದಾಗ, ಅದರ ಮಾಲೀಕ ಟೆಡ್ ಹಸ್ಟೆಡ್ ನಮ್ಮ ಔಷಧಿ ವ್ಯಾಪಾರಿಗಳ ಸಂಘದವನೇ ಅನ್ನಿಸಿಬಿಟ್ಟ.

1931ರಲ್ಲಿ ಟೆಡ್ ಮತ್ತು ಹೆಂಡತಿ ಡೊರೊತಿ ವಾಲ್ ಎಂಬ ಪುಟ್ಟ ಊರಿನ ಔಷಧಿ ಅಂಗಡಿ ಕೊಂಡರು. ಆರ್ಥಿಕ ಕುಸಿತ, ಬರಗಾಲ. ಐದು ವರ್ಷ ನೋಡೋಣ, ಆಗದಿದ್ದರೆ ಬಿಡೋಣ ಎಂದುಕೊಂಡರು. ಐದನೆಯದು 1936. ಜುಲೈ ತಿಂಗಳ ಒಂದು ಭಾನುವಾರ ಮಕ್ಕಳೊಡನೆ ಮಲಗಲು ಹೋದ ಡೊರೊತಿಗೆ ಹೆದ್ದಾರಿಯ ಕಾರುಗಳ ಗಲಾಟೆಯಲ್ಲಿ ನಿದ್ದೆ ಬರಲಿಲ್ಲ. ಬೆಟ್ಟದಲ್ಲಿ ಅಧ್ಯಕ್ಷರ ಮುಖ ಕೆತ್ತುತ್ತಿದ್ದ ಮೌಂಟ್ ರಶ್ಮೋರ್ ಕಡೆಗೆ ಜನ ಹೋಗುತ್ತಿದ್ದರು. ಕಾರಿನಲ್ಲಿ ಎ.ಸಿ. ಇಲ್ಲದ ಕಾಲ. ಇವರಿಗೆ ಬೇಕಾದದ್ದು ತಣ್ಣನೆಯ ನೀರು ಎಂದು ಆಕೆಗೆ ಹೊಳೆಯಿತು. ಟೆಡ್ ಒಬ್ಬ ಹುಡುಗನನ್ನು ಜೊತೆಗಿಟ್ಟುಕೊಂಡು ಐಸ್ ನೀರು ಪುಕ್ಕಟೆ ಎಂಬ ಹಲಗೆಗಳನ್ನು ರಸ್ತೆಬದಿ ನೆಟ್ಟು ವಾಪಸು ಬರುವಷ್ಟರಲ್ಲಿ ಅಂಗಡಿಯಲ್ಲಿ ಜನ!

ನೀರು ಕೊಡುವುದು ನಮಗೇನು ಹೊಸತಲ್ಲ. ಬೇಸಿಗೆಯಲ್ಲಿ ಅರವಟ್ಟಿಗೆ ಇಡುತ್ತೇವೆ. ಮಾತ್ರೆ ಕೊಂಡವರು "ಸ್ವಲ್ಪ ನೀರು ಕೊಡಿ ಸಾರ್" ಅಂದರೆ ಲೋಟ ಚಾಚುತ್ತೇವೆ. ಆದರೆ ಅದನ್ನು ಊರಾಚೆ ಬೋರ್ಡ್ ಬರೆಸಿ ಹಾಕೋಣ ಎಂದು ನನಗೆ ಇಷ್ಟು ವರ್ಷದಲ್ಲಿ ಒಮ್ಮೆಯೂ ತೋಚಲಿಲ್ಲ.

ಬೋರ್ಡಿನ ಕರಾಮತ್ತು ಅರ್ಥವಾಗಬೇಕಾದರೆ ಐ-90 ಹೆದ್ದಾರಿಯಲ್ಲಿ ಕೂತು ಬೇಜಾರುಪಡಬೇಕು. ಎತ್ತ ನೋಡಿದರೂ ಹುಲ್ಲು, ಆಕಾಶ. ಆಗ ಒಂದು ಮರದ ಹಲಗೆ: ಐದು ಸೆಂಟಿಗೆ ಕಾಫಿ. ಮೈಲಿಗಟ್ಟಲೆ ಹೋದ ಮೇಲೆ ಇನ್ನೊಂದು. ಮಿಸ್ಸೌರಿ ನದಿ ದಾಟುವಷ್ಟರಲ್ಲಿ ಮೊಮ್ಮಗಳು ಜೋರಾಗಿ ಓದತೊಡಗಿದ್ದಳು, "ಅಜ್ಜಿಗೆ ಬೇಜಾರಾಗಿದೆ" ಎಂದು ನಿದ್ದೆ ಮಾಡುತ್ತಿದ್ದವಳ ಹೆಸರಿನಲ್ಲೂ ಅರ್ಜಿ ಹಾಕಿದಳು. ಹೋಗದೆ ಮುಂದೆ ಸಾಗುವ ಧೈರ್ಯ ಯಾರಿಗಿತ್ತು?

ಹೆದ್ದಾರಿ ಅಂದ ಕಾಪಾಡಲು 1965ರಲ್ಲಿ ಕಾಯ್ದೆ ಬಂದು ಇಂಥ ಫಲಕಗಳಿಗೆ ಕತ್ತರಿ ಬಿತ್ತು. ಕಾಯ್ದೆ ಸರಿಯೇ, ನಮ್ಮ ಊರಿನ ಫ್ಲೆಕ್ಸ್ ಹಾವಳಿ ಕಂಡವನು ಬೇರೆ ಹೇಳಲಾರೆ. ಆದರೂ ಇವರ ಹಲಗೆಗಳು ಪೂರ್ತಿ ಮಾಯವಾಗಲಿಲ್ಲ. ಯುದ್ಧಕ್ಕೆ ಹೋದ ಸೈನಿಕರು 'ವಾಲ್ ಡ್ರಗ್‌ಗೆ ಇಷ್ಟು ಮೈಲಿ' ಎಂದು ಪರದೇಶಗಳಲ್ಲೂ ನೆಟ್ಟಿದ್ದರು. ಹೆದ್ದಾರಿ ಪಕ್ಕ 80 ಅಡಿಯ ಹಸಿರು ಡೈನೋಸಾರ್ ಬೇರೆ ನಿಂತಿದೆ.

ಸಾವಿರ ಜನವೂ ಇಲ್ಲದ ಊರಿನಲ್ಲಿ ಅಂಗಡಿ ಈಗ ಜಾತ್ರೆ. ಬೂಟು, ಟೋಪಿ, ಪುಸ್ತಕ, ಮೊಲಕ್ಕೆ ಜಿಂಕೆಯ ಕೊಂಬು ಅಂಟಿಸಿದ ಹುಸಿ ಪ್ರಾಣಿ, ಗರ್ಜಿಸುವ ಟಿ-ರೆಕ್ಸ್. ನಾನು ನೇರ ಹುಡುಕಿಕೊಂಡು ಹೋದದ್ದು ಹಳೆಯ ಔಷಧಿ ಅಂಗಡಿಯ ಮಾದರಿಯನ್ನು; ಸೀಸೆಗಳ ಮುಂದೆ ನಿಂತವನನ್ನು ಸೊಸೆ ಬಂದು ಎಳೆದುಕೊಂಡು ಹೋದಳು. ನೀರು ಇಂದಿಗೂ ಪುಕ್ಕಟೆ, ಕಾಫಿ ಐದೇ ಸೆಂಟು. ಅದನ್ನು ನಂಬಿ ಹೋದವರ ಕೈಯಲ್ಲಿ ಹೊರಬರುವಾಗ ಎರಡು ಚೀಲ. ಊಟದ ಪಟ್ಟಿಯಲ್ಲಿ ಕಾಡೆಮ್ಮೆ, ದನದ ಮಾಂಸವೇ ಮುಂದು. ನಮಗೆ ಉಳಿದದ್ದು ಇವರ ಹೆಸರುವಾಸಿ ಡೋನಟ್. ಮೊಟ್ಟೆ ಹಾಕಿರುತ್ತಾರೇನೋ ಕೇಳಿ ಅಂದಳು ನನ್ನವಳು. ನಾನು ಕೇಳಲು ಹೋಗಲಿಲ್ಲ, ತಿಂದೆ.