ಗಾಡಿ ಯಾವ ಕಡೆ ಮುಖ ಮಾಡಿ ನಿಂತಿತ್ತು?

ಜನವರಿಯ ಮೊದಲ ವಾರ ಮೂಡಿಗೆರೆ ಕಡೆಯ ಭಾವನ ತೋಟಕ್ಕೆ ಹೋಗಿದ್ದೆ. ಮೊದಲ ದಿನ ಬೆಳಗಿನ ಆರೂವರೆಗೇ ನನ್ನನ್ನು ಎಬ್ಬಿಸಿದ್ದು ಅವರ ಹಳೆಯ ಡೀಸೆಲ್ ಪಿಕಪ್ಪಿನ ಸೆಲ್ಫಿನ ಸದ್ದು. ಹತ್ತು ಸೆಕೆಂಡು ಕೊರಗುವುದು, ನಿಲ್ಲುವುದು, ಮತ್ತೆ ಕೊರಗುವುದು. ಜಗಲಿಗೆ ಬಂದು ನೋಡಿದರೆ ಡ್ರೈವರ್ ಬೆವರಿದ್ದ. ಭಾವ ಕೈಕಟ್ಟಿ ನಿಂತಿದ್ದರು. ಕಾಫಿ ಕೊಯ್ಲಿನ ಕಾಲ. ಏಳಕ್ಕೆ ಈ ಗಾಡಿ ಹೊರಡದಿದ್ದರೆ ಪಕ್ಕದ ಊರಿನ ಆಳುಗಳು ಇನ್ನೊಬ್ಬರ ಗಾಡಿ ಹತ್ತಿ ಇನ್ನೊಬ್ಬರ ತೋಟಕ್ಕೆ ಹೋಗುತ್ತಾರೆ. ಕೊನೆಗೆ ಟ್ರ್ಯಾಕ್ಟರ್ ತಂದು, ಹಗ್ಗ ಕಟ್ಟಿ ಎಳೆದು ಹೊರಡಿಸಿದರು.

‘ಡಿಸೆಂಬರ್‌ನಿಂದ ಹೀಗೇ. ಚಳಿ ಕಣಯ್ಯ, ಮಧ್ಯಾಹ್ನ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತೆ’ ಅಂದರು ಭಾವ. ಚಳಿಯ ಹೆಸರಲ್ಲಿ ಅವರು ಆಗಲೇ ನಾಲ್ಕು ಹೀಟರ್ ಪ್ಲಗ್ ಬದಲಿಸಿದ್ದರು, ಹೊಸ ಬ್ಯಾಟರಿ ಹಾಕಿಸಿದ್ದರು, ನಾಝಲ್‌ಗಳನ್ನು ಬಿಚ್ಚಿಸಿ ಪ್ರೆಶರ್ ಸರಿಮಾಡಿಸಿದ್ದರು. ಇಷ್ಟಾದರೂ ಬೆಳಗಿನ ಹಾಡು ಬದಲಾಗಿರಲಿಲ್ಲ.

ಅವತ್ತೇ ಸಂಜೆ ಪೇಟೆಯಿಂದ ಪಂಪು-ನಾಝಲ್ ಅಂಗಡಿಯ ಹಿರಿಯರೊಬ್ಬರು ಬಂದರು. ನಲವತ್ತು ವರ್ಷ ಇದೇ ಕೆಲಸ ಮಾಡಿದವರು. ಬಾನೆಟ್ ಎತ್ತುವುದಕ್ಕೂ ಮುಂಚೆ ಅವರು ಕೇಳಿದ ಪ್ರಶ್ನೆ ಇವತ್ತಿಗೂ ನನ್ನ ತಲೆಯಲ್ಲಿ ಕುಣಿಯುತ್ತಿದೆ: ‘ರಾತ್ರಿ ಗಾಡಿ ಯಾವ ಕಡೆ ಮುಖ ಮಾಡಿ ನಿಂತಿರುತ್ತೆ ಸಾರ್?’

ಈ ಪ್ರಶ್ನೆಯ ಬೆಲೆ ತಿಳಿಯಬೇಕಾದರೆ ಡೀಸೆಲ್ ಎಂಜಿನ್ನಿಗೂ ಚಳಿಗೂ ಇರುವ ಹಳೆಯ ಜಗಳ ನೆನಪಿರಬೇಕು. 1897ರಲ್ಲಿ ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ರುಡಾಲ್ಫ್ ಡೀಸೆಲ್ ಓಡಿಸಿ ತೋರಿಸಿದ ಎಂಜಿನ್ನಿಗೆ ಕಿಡಿಯ ಹಂಗು ಇರಲಿಲ್ಲ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸುವುದು, ಆ ಕಾವಿಗೆ ಎಣ್ಣೆ ಸಿಡಿಸುವುದು, ಅಷ್ಟೇ. ಹಳೆಯ ಪಿಕಪ್‌ಗಳಲ್ಲಿ ಸಿಲಿಂಡರಿನ ಗಾಳಿ ಇಪ್ಪತ್ತು ಪಾಲಿಗೂ ಹೆಚ್ಚು ಕುಗ್ಗುತ್ತದೆ, ಕಾವು 500 ಡಿಗ್ರಿ ದಾಟುತ್ತದೆ. ಆದರೆ ರಾತ್ರಿಯಿಡೀ ತಣ್ಣಗಾದ ಕಬ್ಬಿಣ ಆ ಕಾವನ್ನು ಹೀರುತ್ತದೆ. ಸೆಲ್ಫ್ ನಿಧಾನವಾದಷ್ಟೂ ಗಾಳಿ ರಿಂಗುಗಳ ಸಂದಿಯಿಂದ ಜಾರಿಹೋಗುತ್ತದೆ.

ಇಂಥ ಹಳೆಯ ಪಿಕಪ್‌ಗಳ ಹಲವು ಎಂಜಿನ್‌ಗಳಲ್ಲಿ ಡೀಸೆಲ್ ನೇರವಾಗಿ ಸಿಲಿಂಡರಿಗೆ ಬೀಳದೆ, ಪಕ್ಕದ ಪುಟ್ಟ ಕೋಣೆಯೊಂದರಲ್ಲಿ ಮೊದಲು ಹೊತ್ತಿಕೊಳ್ಳುತ್ತಿತ್ತು. ಆ ಕೋಣೆಯ ಗೋಡೆಗಳೂ ಕಾವು ಕುಡಿಯುವುದರಿಂದ ಅಲ್ಲೊಂದು ಹೀಟರ್ ಪ್ಲಗ್ ಬೇಕೇ ಬೇಕು. ಅದರ ತುದಿ 800 ಡಿಗ್ರಿಗೂ ಮೇಲೆ ಕೆಂಪಗೆ ಕಾಯುತ್ತದೆ. ಗಾಡಿಗಳ ಬೆನ್ನ ಮೇಲೆ ನಾವೆಲ್ಲ ಓದಿರುವ ‘ಡಿಐ’ ಎಂಬ ಎರಡಕ್ಷರದ ಅರ್ಥ, ಇದಕ್ಕೆ ಆ ಪಕ್ಕದ ಕೋಣೆ ಇಲ್ಲ, ಡೀಸೆಲ್ ನೇರ ಸಿಲಿಂಡರಿಗೇ ಬೀಳುತ್ತದೆ ಎಂದು. ಅಂಥ ಎಂಜಿನ್‌ಗಳು ನಮ್ಮ ಚಳಿಗೆ ಹೀಟರ್ ಇಲ್ಲದೆಯೂ ಏಳಬಲ್ಲವು. ಭಾವನದು ಕೋಣೆಯಿರುವ ಹಳೆಯ ಜಾತಿ. ಹಾಗಾಗಿ ಚಳಿಯ ಮೇಲೆ ಎಲ್ಲರಿಗೂ ಗುಮಾನಿ ಬಂದದ್ದು ಸಹಜವೇ.

ಹಿರಿಯರು ಮಾರನೆಯ ಬೆಳಗ್ಗೆ ಮತ್ತೆ ಬಂದರು. ಡ್ರೈವರಿಗೆ ಸೆಲ್ಫ್ ಹೊಡೆಯಲು ಹೇಳಿ ತಾವು ಸೈಲೆನ್ಸರಿನ ಹಿಂದೆ ಕುಕ್ಕರಗಾಲಲ್ಲಿ ಕೂತರು. ಒಂದು ಎಳೆ ಹೊಗೆಯೂ ಬರಲಿಲ್ಲ. ‘ಇದು ಚಳಿಯಲ್ಲ ಸಾರ್. ಚಳಿಗೆ ಹಿಡಿದಿದ್ರೆ ಬಿಳಿ ಹೊಗೆ ಬರ್ಬೇಕು. ಡೀಸೆಲ್ ಒಳಗೆ ಬಿದ್ದು ಹೊತ್ತದೇ ಇದ್ರೆ ಆವಿಯಾಗಿ ಹಿಂದೆ ಬರುತ್ತೆ. ಹೊಗೆನೇ ಇಲ್ಲ ಅಂದ್ರೆ ಡೀಸೆಲ್ಲೇ ಬಂದಿಲ್ಲ’ ಅಂದರು. ಆಮೇಲೆ ಫಿಲ್ಟರಿನ ತಲೆಯ ಮೇಲಿನ ಕೈಪಂಪನ್ನು ಒತ್ತತೊಡಗಿದರು. ಮೊದಲು ಟೊಳ್ಳಾಗಿದ್ದ ಪಂಪು ಸುಮಾರು ಮೂವತ್ತು ಒತ್ತಿಗೆ ಕೈಗೆ ಗಟ್ಟಿಯಾಗಿ ಸಿಕ್ಕಿತು. ‘ಈಗ ಹೊಡಿ.’ ಎರಡು ಸುತ್ತಿಗೆ ಎಂಜಿನ್ ಎದ್ದಿತು.

‘ಏರ್ ತಗೊಂಡಿದೆ’ ಎಂದರು. ಎಲ್ಲಿಂದ ಎನ್ನುವುದು ಮುಂದಿನ ಪ್ರಶ್ನೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ‘ಎಲ್ಲಿಂದ’.

ಟ್ಯಾಂಕಿನಿಂದ ಪಂಪಿನವರೆಗಿನ ಪೈಪಿನಲ್ಲಿ ಡೀಸೆಲ್ಲನ್ನು ಯಾರೂ ದೂಡುವುದಿಲ್ಲ, ಪಂಪು ಅದನ್ನು ಹೀರಿಕೊಳ್ಳುತ್ತದೆ. ಸ್ಟ್ರಾ ಹಾಕಿ ಎಳನೀರು ಕುಡಿದ ಹಾಗೆ. ಸ್ಟ್ರಾದಲ್ಲಿ ಸೂಜಿಮೊನೆಯ ತೂತಿದ್ದರೆ ಎಳನೀರು ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಬರುತ್ತದೆ. ಆದ್ದರಿಂದ ಇಂಥ ಸೋರಿಕೆಗೆ ನೆಲದ ಮೇಲೆ ಕಲೆ ಇರುವುದಿಲ್ಲ, ವಾಸನೆ ಇರುವುದಿಲ್ಲ. ಓಡುವಾಗ ಬರುವ ಚೂರುಪಾರು ಗುಳ್ಳೆಗಳನ್ನು ಪಂಪು ಹೇಗೋ ನುಂಗಿಕೊಂಡು ಟ್ಯಾಂಕಿಗೆ ವಾಪಸ್ ಕಳಿಸುತ್ತದೆ. ರಾತ್ರಿ ಗಾಡಿ ನಿಂತ ಮೇಲೆ ಮಾತ್ರ, ಅದೇ ತೂತಿನಿಂದ ಗಾಳಿ ಸೇರಿ, ಪೈಪಿನಲ್ಲಿದ್ದ ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ಇಳಿದುಬಿಡುತ್ತದೆ. ಟ್ಯಾಂಕಿರುವುದು ಹಿಂದೆ, ಕೆಳಗೆ. ಗಾಡಿಯ ಮೂತಿ ಏರಿನ ಕಡೆಗಿದ್ದರೆ ಅದು ಇಳಿಯುವುದು ಇನ್ನೂ ಸಲೀಸು.

ಈಗ ಹಿರಿಯರ ಮೊದಲ ಪ್ರಶ್ನೆಗೆ ಬನ್ನಿ. ನವೆಂಬರಿನವರೆಗೆ ಪಿಕಪ್ ನಿಲ್ಲುತ್ತಿದ್ದದ್ದು ಸಮತಟ್ಟಾದ ಕಣದಲ್ಲಿ. ಡಿಸೆಂಬರಿನಲ್ಲಿ ಕಣಕ್ಕೆ ಕಾಫಿ ಬಂತು, ಗಾಡಿ ಮನೆಯ ಕೆಳಗಿನ ಇಳಿಜಾರಿಗೆ ಹೋಯಿತು. ಬೆಳಗ್ಗೆ ಸುಲಭವಾಗಿ ಹೊರಡಲೆಂದು ರಸ್ತೆಯ ಕಡೆ, ಅಂದರೆ ಮೇಲಕ್ಕೆ, ಮುಖ ಮಾಡಿ ನಿಂತಿತು. ಚಳಿ ಬಂದದ್ದೂ ಅದೇ ವಾರ! ಎರಡರಲ್ಲಿ ಒಂದು ಎಲ್ಲರ ಕಣ್ಣಿಗೂ ಬಿತ್ತು, ಇನ್ನೊಂದು ಯಾರ ಕಣ್ಣಿಗೂ ಬೀಳಲಿಲ್ಲ.

ಭಾವ ಅಷ್ಟು ಬೇಗ ಒಪ್ಪುವವರಲ್ಲ. ‘ಮಧ್ಯಾಹ್ನ ಸ್ಟಾರ್ಟ್ ಆಗುತ್ತಲ್ಲ, ಅದಕ್ಕೇನಂತೀರಿ?’ ‘ಮಧ್ಯಾಹ್ನ ಅದು ನಿಲ್ಲೋದು ಎಷ್ಟು ಹೊತ್ತು? ಅರ್ಧ ಗಂಟೆ. ನಾಳೆ ಭಾನುವಾರ. ಬೆಳಗ್ಗೆ ಸ್ಟಾರ್ಟ್ ಮಾಡಿ, ಬಿಸಿ ಮಾಡಿ, ಅಲ್ಲೇ ಏರಿಗೆ ಮುಖ ಮಾಡಿ ಸಂಜೆ ತನಕ ಬಿಡಿ. ಬಿಸಿಲಲ್ಲೇ ಇರಲಿ’ ಎಂದು ಅವರು ಹೊರಟರು. ಭಾನುವಾರ ನಾವು ಹಾಗೇ ಮಾಡಿದೆವು. ಸಂಜೆ ನಾಲ್ಕಕ್ಕೆ ಬಾನೆಟ್ ಮುಟ್ಟಿದರೆ ಬೆಚ್ಚಗಿತ್ತು. ಸೆಲ್ಫ್ ಹೊಡೆದರೆ ಅದೇ ಕೊರಗು, ಹೊಗೆಯಿಲ್ಲ. ಚಳಿಯನ್ನು ಪಕ್ಕಕ್ಕಿಟ್ಟರೂ ರೋಗ ಉಳಿಯಿತು. ಇಷ್ಟು ಅಚ್ಚುಕಟ್ಟಾದ ಪ್ರಯೋಗವನ್ನು ನಾನು ಕಾಲೇಜಿನ ಲ್ಯಾಬಿನಲ್ಲೂ ಕಂಡಿರಲಿಲ್ಲ.

ಸೋಮವಾರ ಫಿಲ್ಟರಿಗೂ ಪಂಪಿಗೂ ನಡುವೆ ಒಂದು ಗೇಣು ಪಾರದರ್ಶಕ ಪ್ಲಾಸ್ಟಿಕ್ ಪೈಪು ಸೇರಿಸಿದರು. ಎಂಜಿನ್ ಓಡುತ್ತಿದ್ದ ಹಾಗೆ ಹಳದಿ ಡೀಸೆಲ್ಲಿನಲ್ಲಿ ಸಾಸಿವೆ ಗಾತ್ರದ ಗುಳ್ಳೆಗಳು ಸಾಲುಗಟ್ಟಿ ಬಂದವು. ಅದೇ ಪೈಪನ್ನು ಫಿಲ್ಟರಿನ ಹಿಂದಕ್ಕೆ ಹಾಕಿದರು, ಆಗಲೂ ಗುಳ್ಳೆ. ಅಂದರೆ ಫಿಲ್ಟರ್ ನಿರಪರಾಧಿ, ತೂತು ಇನ್ನೂ ಹಿಂದೆ. ಕೊನೆಗೆ ಚಾಸಿಯ ಒಳಬದಿಯಲ್ಲಿ, ಟ್ಯಾಂಕಿನ ಕಬ್ಬಿಣದ ಪೈಪು ರಬ್ಬರ್ ಹೋಸಿಗೆ ಸೇರುವ ಕಡೆ ಅದು ಸಿಕ್ಕಿತು. ಹೋಸನ್ನು ನೇರವಾಗಿ ಹಿಡಿದರೆ ಏನೂ ಕಾಣದು. ಬಗ್ಗಿಸಿದರೆ ಕ್ಲಿಪ್ಪಿನ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕುಗಳು ಬಾಯಿಬಿಡುತ್ತಿದ್ದವು. ಒಂದೂವರೆ ಅಡಿ ಹೊಸ ಹೋಸು, ಎರಡು ಕ್ಲಿಪ್ಪು, ಅಲ್ಲಿಗೆ ರಿಪೇರಿ ಮುಗಿಯಿತು.

‘ಪಂಪಿಗೆ ಏನೂ ಆಗಿಲ್ಲ, ಮೈಕೋ ಮಾಲು’ ಎಂದು ಅವರು ಪಂಪಿನ ಬೆನ್ನು ತಟ್ಟಿದರು. ಬಾಷ್ ಜರ್ಮನಿಯಲ್ಲಿ ಡೀಸೆಲ್ ಪಂಪುಗಳನ್ನು ಸಾಲುಸಾಲಾಗಿ ತಯಾರಿಸತೊಡಗಿದ್ದು 1927ರಲ್ಲಿ. 1951ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ಕಟ್ಟಿ ಆ ವಿದ್ಯೆಯನ್ನು ಕನ್ನಡನಾಡಿಗೆ ತಂದಿತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದಾಯಿತು. ಗ್ಯಾರೇಜುಗಳಲ್ಲಿ ಮಾತ್ರ ಇವತ್ತಿಗೂ ಅದು ಮೈಕೋ. ನನಗೂ ಆ ಹೆಸರೇ ಇಷ್ಟ.

ಚಳಿಗೆ ಡೀಸೆಲ್ಲೇ ಹೆಪ್ಪುಗಟ್ಟುತ್ತದೆ ಎಂಬ ಮಾತನ್ನು ಮಲೆನಾಡಿನಲ್ಲಿ ಹಲವರು ಹೇಳಿದ್ದಾರೆ. ನನಗೆ ನಂಬಿಕೆಯಿಲ್ಲ. ಲಡಾಖಿನಲ್ಲಿ ಅದು ನಿಜ. ಅದಕ್ಕೆಂದೇ ಇಂಡಿಯನ್ ಆಯಿಲ್ 2019ರ ನವೆಂಬರಿನಲ್ಲಿ ಮೈನಸ್ 33 ಡಿಗ್ರಿಯವರೆಗೂ ಹರಿಯುವ ಡೀಸೆಲ್ಲನ್ನು ಅಲ್ಲಿಗೆ ಕೊಟ್ಟಿತು. ಭಾವನ ಜಗಲಿಯ ಥರ್ಮಾಮೀಟರ್ ಆ ವಾರ 11 ಡಿಗ್ರಿಗಿಂತ ಕೆಳಗಿಳಿದಿರಲಿಲ್ಲ. ಗಾಳಿ ಎಳೆಯುವ ಬಾಯಿಗೆ ಪೆಟ್ರೋಲ್ ಬಟ್ಟೆ ಹಿಡಿಯುವ ಅಭ್ಯಾಸವಂತೂ ನಿಲ್ಲಲೇಬೇಕು. ಹೀಟರ್ ಪ್ಲಗ್ ಕೆಂಪಗಿರುವ ಎಂಜಿನ್ನಿಗೆ ಪೆಟ್ರೋಲ್ ಆವಿ ಹೋದರೆ ಅದು ಹೊತ್ತಲ್ಲದ ಹೊತ್ತಲ್ಲಿ ಸಿಡಿದು ಪಿಸ್ಟನ್ನನ್ನೇ ಒಡೆಯಬಹುದು, ಬಟ್ಟೆ ಹಿಡಿದ ಕೈಯನ್ನೂ ಸುಡಬಹುದು.

ಹಳೆಯ ಪಿಕಪ್ ಇರುವವರು ಹಿರಿಯರ ಕ್ರಮವನ್ನೇ ಹಿಡಿಯಲಿ. ಮೊದಲು ಹೊಗೆ ನೋಡಿ. ಹೊಗೆಯಿಲ್ಲದಿದ್ದರೆ ಕೈಪಂಪು ಒತ್ತಿ, ಏರ್ ಹುಡುಕಿ. ಪಂಪಿನ ಸ್ಟಾಪ್ ಸೊಲೆನಾಯ್ಡಿಗೆ ಕರೆಂಟ್ ಬರುತ್ತಿದೆಯೇ ನೋಡಿ. ಬಿಳಿ ಹೊಗೆ ದಂಡಿಯಾಗಿ ಬರುತ್ತಿದ್ದರೆ ಆಗ ಹೀಟರ್ ಪ್ಲಗ್ಗಿನ ಸರದಿ. ಅವುಗಳನ್ನು ಜೋಡಿಸುವ ಪಟ್ಟಿ ಬಿಚ್ಚಿ, ಟೆಸ್ಟ್ ಲ್ಯಾಂಪಿನ ಒಂದು ತುದಿ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ಪ್ಲಗ್ಗಿನ ತಲೆಗೆ ಮುಟ್ಟಿಸಿ. ದೀಪ ಹತ್ತದಿದ್ದರೆ ಪ್ಲಗ್ ಸತ್ತಿದೆ. ನಾಲ್ಕೂ ಚೆನ್ನಾಗಿದ್ದರೆ ರಿಲೇ ನೋಡಿ. ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ನಿಧಾನ ತಿರುಗಿದರೆ ಬ್ಯಾಟರಿಯನ್ನು ಬೈಯುವ ಮುಂಚೆ ಅರ್ತಿಂಗ್ ತಂತಿಯ ತುಕ್ಕು ಕೆರೆಯಿರಿ. ಎಲ್ಲ ಸರಿಯಿದ್ದೂ ಬಿಳಿ ಹೊಗೆ ನಿಲ್ಲದಿದ್ದರೆ ಕಂಪ್ರೆಶನ್ ಅಳೆಸಿ. ಅದು ದೊಡ್ಡ ಖರ್ಚಿನ ಬಾಗಿಲು, ಕೊನೆಗೇ ತಟ್ಟಬೇಕು.

ಹಿರಿಯರು ಹೊರಡುವ ಮುನ್ನ ಭಾವ ಬಿಚ್ಚಿಸಿ ಎಸೆದಿದ್ದ ಹಳೆಯ ಹೀಟರ್ ಪ್ಲಗ್‌ಗಳನ್ನು ತರಿಸಿ ಲ್ಯಾಂಪ್ ಹಿಡಿದು ನೋಡಿದರು. ನಾಲ್ಕರಲ್ಲಿ ಮೂರಕ್ಕೆ ದೀಪ ಹತ್ತಿತು. ಭಾವ ಮಾತಾಡದೆ ಆ ಮೂರನ್ನು ಬಟ್ಟೆಯಲ್ಲಿ ಸುತ್ತಿ ಟೂಲ್ ಬಾಕ್ಸಿನಲ್ಲಿಟ್ಟರು.

ಮಂಗಳವಾರ ಬೆಳಗ್ಗೆ ನಾನು ಬೇಕೆಂದೇ ಸೈಲೆನ್ಸರಿನ ಹಿಂದೆ ಹೋಗಿ ನಿಂತೆ. ಅದೇ ಇಳಿಜಾರು, ಅದೇ ಏರುಮುಖ, ಅದೇ 11 ಡಿಗ್ರಿ. ಹೀಟರ್ ದೀಪ ಆರಿತು, ಡ್ರೈವರ್ ಚಾವಿ ತಿರುಗಿಸಿದ. ಎಂಜಿನ್ ಎದ್ದಿತು. ಕಾಫಿ ಗಿಡಗಳ ಕಡೆಗೆ ಒಂದು ಮುಷ್ಟಿ ಬಿಳಿ ಹೊಗೆ ತೇಲಿ, ಹತ್ತು ಸೆಕೆಂಡಿನಲ್ಲಿ ಕರಗಿತು. ಚಳಿಯ ಪಾಲು ಅಷ್ಟೇ ಇತ್ತು.