ಔಷಧದ ವೆಚ್ಚವೂ ವರಮಾನ ತೆರಿಗೆಯೂ

ವೃದ್ಧರಾದ ತಾಯಿತಂದೆಗಳಿರುವ ಮನೆಯಲ್ಲಿ ಔಷಧದ ಖರ್ಚು ತಿಂಗಳು ತಿಂಗಳೂ ತಪ್ಪದೆ ಬರತಕ್ಕದ್ದು. ಅದರಲ್ಲಿ ಒಂದಂಶವನ್ನು ವರಮಾನ ತೆರಿಗೆಯ ಲೆಕ್ಕದಲ್ಲಿ ಕಳೆಯಬಹುದೆಂದು ಅನೇಕರು ಬಲ್ಲರು. ಯಾವ ನಿಬಂಧನೆಗಳ ಮೇಲೆ ಎಂಬುದನ್ನು ಬಲ್ಲವರು ವಿರಳ. ೧೯೬೧ನೆಯ ಇಸವಿಯ ಕಾಯಿದೆಯ ೮೦-ಡಿ ಪ್ರಕರಣವು ಇದಕ್ಕೆ ಆಧಾರ. ೨೦೨೬ರ ಏಪ್ರಿಲ್ ೧ರಿಂದ ಅನ್ವಯಿಸತಕ್ಕ ೨೦೨೫ರ ಹೊಸ ಕಾಯಿದೆಯಲ್ಲಿಯೂ, ಸಂಖ್ಯೆ ಮಾತ್ರ ಬದಲಾಗಿ, ಈ ಸೌಲಭ್ಯವು ಉಳಿದಿರುವುದು.

ತನ್ನ, ತನ್ನ ಪತಿ ಅಥವಾ ಪತ್ನಿಯ ಮತ್ತು ಆಶ್ರಿತರಾದ ಮಕ್ಕಳ ಆರೋಗ್ಯವಿಮೆಯ ಕಂತಿಗಾಗಿ ವರ್ಷಕ್ಕೆ ೨೫,೦೦೦ ರೂಪಾಯಿಗಳವರೆಗೆ ವರಮಾನದಿಂದ ಕಳೆಯಬಹುದು. ತಾಯಿತಂದೆಗಳಿಗಾಗಿ ತೆತ್ತ ಕಂತಿಗೆ ಪ್ರತ್ಯೇಕವಾಗಿ ಮತ್ತೆ ೨೫,೦೦೦. ವಿಮೆಗೊಳಪಟ್ಟವರಲ್ಲಿ ಅರುವತ್ತು ತುಂಬಿದವರಿದ್ದರೆ ಆಯಾ ಮಿತಿಯು ೫೦,೦೦೦ಕ್ಕೆ ಏರುವುದು. ತಾಯಿತಂದೆಗಳು ಮಕ್ಕಳ ಆಶ್ರಯದಲ್ಲಿಯೇ ಇರಬೇಕೆಂಬ ನಿಯಮವಿಲ್ಲ. ಆದರೆ ಅತ್ತೆಮಾವಂದಿರು ಈ ಲೆಕ್ಕಕ್ಕೆ ಸೇರರು. ಸಂಸ್ಕೃತದಲ್ಲಿ ‘ಪಿತರೌ’ ಎಂದರೆ ತಾಯಿತಂದೆಗಳಿಬ್ಬರೂ ಬರುವರು, ಅತ್ತೆಮಾವಂದಿರಿಗೆ ‘ಶ್ವಶುರೌ’ ಎಂದು ಬೇರೆಯೇ ಶಬ್ದ. ಕಾಯಿದೆಯನ್ನು ಬರೆದವರೂ ಈ ವ್ಯಾಕರಣವನ್ನೇ ಅನುಸರಿಸಿದಂತೆ ತೋರುವುದು! ಪತ್ನಿಗೆ ಸ್ವಂತ ವರಮಾನವಿದ್ದು, ಆಕೆಯೇ ತನ್ನ ತಾಯಿತಂದೆಗಳ ಕಂತನ್ನು ತೆತ್ತರೆ, ಆಕೆಯ ಲೆಕ್ಕದಲ್ಲಿ ಅದು ದೊರೆಯುವುದು.

ಎಪ್ಪತ್ತೈದು ದಾಟಿ, ಸಕ್ಕರೆ ಕಾಯಿಲೆ ರಕ್ತದೊತ್ತಡಗಳಿಂದ ಬಳಲುವವರಿಗೆ ಹೊಸದಾಗಿ ವಿಮೆ ದೊರೆಯುವುದೇ ಕಷ್ಟ. ದೊರೆತರೂ ಕಂತು ಹೊರಲಾರದಷ್ಟು ಭಾರ. ಇಂಥವರ ವಿಷಯದಲ್ಲಿ ಕಾಯಿದೆಯು ದಯೆ ತೋರಿರುವುದು. ಅರುವತ್ತು ತುಂಬಿದವರ ಹೆಸರಿನಲ್ಲಿ ವಿಮೆಯ ಕಂತನ್ನೇ ತೆತ್ತಿಲ್ಲದಿದ್ದರೆ, ಅವರ ಚಿಕಿತ್ಸೆಗಾದ ವೆಚ್ಚವನ್ನೇ ೫೦,೦೦೦ದ ಮಿತಿಯೊಳಗೆ ಕಳೆಯಬಹುದು. ಆದರೆ ಹಣವನ್ನು ನಗದಾಗಿ ಕೊಟ್ಟಿರಕೂಡದು. ಅನೇಕ ಮನೆಗಳು ಎಡವುವುದು ಇಲ್ಲಿಯೇ. ತಾಯಿಯ ಔಷಧಕ್ಕೆ ತಿಂಗಳಿಗೆ ೪,೦೦೦ದಂತೆ ವರ್ಷಕ್ಕೆ ೪೮,೦೦೦ ವೆಚ್ಚಮಾಡುವ ಮಗನು ಹಳೆಯ ಪದ್ಧತಿಯಲ್ಲಿ ನೂರಕ್ಕೆ ಮೂವತ್ತರ ದರದಲ್ಲಿ ತೆರಿಗೆ ಕೊಡುವವನಾದರೆ, ನೂರಕ್ಕೆ ನಾಲ್ಕರ ಉಪಕರವೂ ಸೇರಿ ೧೪,೯೭೬ ರೂಪಾಯಿ ಉಳಿಯುವುದು. ಅಂದರೆ ಮೂರೂವರೆ ತಿಂಗಳಿಗೂ ಮಿಕ್ಕ ಔಷಧ! ಅದೇ ಹಣವನ್ನು ಔಷಧದಂಗಡಿಯಲ್ಲಿ ನೋಟುಗಳಾಗಿ ಎಣಿಸಿಕೊಟ್ಟರೆ ಒಂದು ಕಾಸೂ ಉಳಿಯದು. ಚೆಕ್ಕು, ಕಾರ್ಡು, ಯುಪಿಐ ಯಾವುದಾದರೂ ಸರಿಯೆ. ರಸೀದಿಯಲ್ಲಿ ರೋಗಿಯ ಹೆಸರಿರುವುದು ಲೇಸು. ರೋಗ ಬರುವ ಮುನ್ನ ಮಾಡಿಸುವ ದೇಹಪರೀಕ್ಷೆಗೆ ಮಾತ್ರ ನಗದು ಸಲ್ಲುವುದು. ಅದಕ್ಕೆ ಮೇಲಿನ ಮಿತಿಗಳೊಳಗೇ ೫,೦೦೦.

ಇವೆಲ್ಲವೂ ಹಳೆಯ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ. ೨೦೨೩-೨೪ನೆಯ ಸಾಲಿನಿಂದ, ಬೇರೆ ಹೇಳದಿದ್ದರೆ ಹೊಸ ಪದ್ಧತಿಯೇ ಅನ್ವಯಿಸುವುದು. ಅದರಲ್ಲಿ ಈ ಕಡಿತವಿಲ್ಲ. ೨೦೨೫-೨೬ನೆಯ ಸಾಲಿನಲ್ಲಿ ಹೊಸ ಪದ್ಧತಿಯಂತೆ ಹನ್ನೆರಡು ಲಕ್ಷದವರೆಗಿನ ಸಾಮಾನ್ಯ ವರಮಾನಕ್ಕೆ ತೆರಿಗೆಯೇ ಇಲ್ಲವಾದ್ದರಿಂದ, ಅಂಥವರು ಕೇವಲ ಔಷಧದ ರಸೀದಿಗಳನ್ನು ನೆಚ್ಚಿ ಹಳೆಯದಕ್ಕೆ ಜೋತುಬೀಳುವುದು ವಿವೇಕವೆಂದು ನಮಗೆ ತೋರದು. ಮನೆಸಾಲದ ಬಡ್ಡಿ, ಬಾಡಿಗೆ ಮೊದಲಾದವುಗಳೂ ಇರುವವರು ಎರಡು ರೀತಿಯಲ್ಲಿಯೂ ಲೆಕ್ಕಹಾಕಿ ನೋಡತಕ್ಕದ್ದು.

ಎರಡು ಮೂರು ವರ್ಷಗಳ ಕಂತನ್ನು ಒಟ್ಟಿಗೆ ತೆತ್ತವರು ಅದನ್ನು ಆಯಾ ವರ್ಷಗಳಿಗೆ ಸಮನಾಗಿ ಹಂಚಿ ತೋರಿಸಬೇಕು. ಕೆಲಸ ಕೊಟ್ಟವರೇ ತೆತ್ತ ಕಂತು ನೌಕರನ ಲೆಕ್ಕಕ್ಕೆ ಬಾರದು. ಅವನ ಸಂಬಳದಿಂದ ಹಿಡಿದ ಪಾಲು ಬರುವುದು.